ಆರು ಗಂಟೆಯ ಮೇಲೆ

12-6-1998, ಶುಕ್ರವಾರ

ರೈಲು ಇವತ್ತೂ ಲೇಟು. ಸಂಪಿಗೆ ರೋಡ್ ಸ್ಟೇಷನ್ನಿನಲ್ಲಿ ಕ್ರಾಸಿಂಗ್ ಅಂತೆ. ಸ್ಟೇಷನ್ ಮಾಸ್ಟರು ದಿನಾ ಇದೇ ಹೇಳುತ್ತಾರೆ — ಒಂದು ದಿನವಾದರೂ ಬೇರೆ ಸುಳ್ಳು ಹೇಳಬಾರದೇ. ನಿಟ್ಟೂರಿನಿಂದ ತುಮಕೂರಿಗೆ ಬಸ್ಸು ಬೇಕಾದಷ್ಟಿವೆ. ಆದರೆ ಟ್ರಸ್ಟಿನವರು ಪಾಸು ಮಾಡಿಸಿಕೊಟ್ಟಿರುವುದು ರೈಲಿಗೆ. ಕಾಯಬೇಕು.

ಎಸ್ಸೆಸ್ಸೆಲ್ಸಿ ಫೇಲಾದ ಮಕ್ಕಳ ಗುಂಪು ಶುರುವಾಗಿ ಎರಡು ವಾರ ಆಯಿತು. ನರಸಿಂಹಮ್ಮನ ಮನೆಯ ಮುಂದಿನ ಕೋಣೆ, ನಾಲ್ಕರಿಂದ ಆರು. ಮೊದಲು ಗಣಿತ, ಆಮೇಲೆ ಇಂಗ್ಲಿಷ್. ಮಕ್ಕಳು ಗೋಡೆಗೆ ಒರಗಿ ನನ್ನನ್ನೇ ನೋಡುತ್ತಾ ಕೂರುತ್ತವೆ. ಏನು ಕೇಳಿದರೂ ಉತ್ತರ ಇಲ್ಲ. ಮಾರ್ಕ್ಸಿನ ಜೊತೆ ನಾಲಿಗೆಯನ್ನೂ ಕಿತ್ತುಕೊಂಡರೋ ಏನೋ ಬೋರ್ಡಿನವರು.

ಕ್ಲಾಸ್ ಮುಗಿದ ಮೇಲೆ ಮಾತ್ರ ಬಾಲದ ಹಾಗೆ ಹಿಂದೆ ಬರುತ್ತವೆ. ಮಿಸ್‌ನ ರೈಲು ಹತ್ತಿಸಬೇಕಂತೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕಡಲೆಕಾಯಿ ಸಿಪ್ಪೆ, ಜಗಳ, ಮಿಮಿಕ್ರಿ. ಅದರಲ್ಲಿ ನನ್ನ ಮಿಮಿಕ್ರಿಯೂ ಇದೆ. ರೈಲು ಬರುವಷ್ಟರಲ್ಲಿ ತಲೆ ಚಿಟ್ಟು ಹಿಡಿದಿತ್ತು. ಮನೆಗೆ ಬಂದರೆ ಇವರು ಅನ್ನ ಮಾಡಿಟ್ಟಿದ್ದರು. ಮುದ್ದೆಯಾಗಿತ್ತು. ತಿಂದೆ.

8-7-1998

ಇವತ್ತೊಂದು ತಮಾಷೆ. ತಮಾಷೆ ಅಂತ ಬರೆಯಬಾರದು, ಪಾಪ.

ಗುಂಪಿನಲ್ಲಿ ತನುಶ್ರೀ ಅಂತ ಒಬ್ಬಳಿದ್ದಾಳೆ. ಎರಡು ಸಲ ಫೇಲು. ಲೆಕ್ಕ ಚೆನ್ನಾಗಿಯೇ ಮಾಡುತ್ತಾಳೆ, ಮತ್ತೆ ಯಾಕೆ ಫೇಲಾದಳು ಅಂತ ತಿಳಿಯದೆ ಒದ್ದಾಡುತ್ತಿದ್ದೆ. ಕ್ಲಾಸಿನಲ್ಲಿ ಕೇಳಿದರೆ ತಲೆ ತಗ್ಗಿಸುತ್ತಾಳೆ, ಅಷ್ಟೆ. ಸಂಜೆ ರೈಲಿನ ಸುಳಿವೇ ಇಲ್ಲ. ಉಳಿದವರು ಆ ತುದಿಯಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದರು. ಇವಳು ನನ್ನ ಪಕ್ಕ ಕೂತು ಹಳಿ ನೋಡುತ್ತಾ —

“ಮಿಸ್, ಒಂದ್ ಹೇಳ್ತೀನಿ. ನಗಬಾರ್ದು.”

“ನಗಲ್ಲ, ಹೇಳೇ.”

“ನಂಗೆ ಗಡಿಯಾರ ನೋಡಕ್ಕೆ ಬರಲ್ಲ.”

ಪರೀಕ್ಷೆಯಲ್ಲಿ ಹೊತ್ತೆಷ್ಟಾಯಿತು ಅಂತ ತಿಳಿಯದೆ ಮೊದಲನೇ ಪ್ರಶ್ನೆಗೇ ಪುಟಗಟ್ಟಲೆ ಬರೆಯುತ್ತಾಳಂತೆ. ಬೆಲ್ ಹೊಡೆದಾಗ ಅರ್ಧ ಪೇಪರ್ ಹಾಗೇ ಉಳಿದಿರುತ್ತದೆ. ಸಣ್ಣ ಕ್ಲಾಸಿನಲ್ಲಿ ಗಡಿಯಾರದ ಪಾಠ ಮಾಡುವಾಗ ಇವಳು ಮೈಮೇಲೆ ಅಮ್ಮ ಎದ್ದು ಮಲಗಿದ್ದಳು. ಆಮೇಲೆ ಕೇಳಲು ನಾಚಿಕೆ. ಹತ್ತನೇ ಕ್ಲಾಸಿನ ಹುಡುಗಿ ಯಾರನ್ನು ಹೋಗಿ ಕೇಳಬೇಕು...

ನಗಲಿಲ್ಲ. ಸ್ಟೇಷನ್ ಮಾಸ್ಟರ ಕಿಟಕಿಯಿಂದ ಗೋಡೆ ಗಡಿಯಾರ ಕಾಣುತ್ತದೆ. ಅಲ್ಲೇ ನಿಂತು ಹೇಳಿಕೊಟ್ಟೆ. ಚಿಕ್ಕ ಮುಳ್ಳು, ದೊಡ್ಡ ಮುಳ್ಳು. ಸ್ವಲ್ಪ ಹೊತ್ತಿಗೇ ಹಿಡಿದುಬಿಟ್ಟಳು. “ನಿಮ್ ರೈಲು ಮುಕ್ಕಾಲ್ ಗಂಟೆ ಲೇಟು ಮಿಸ್” ಅಂದಾಗ ಅವಳ ಮುಖ ನೋಡಬೇಕಿತ್ತು. ರೈಲಿನಲ್ಲಿ ಕೂತು ಒಬ್ಬಳೇ ನಗುತ್ತಿದ್ದೆ. ಪರವಾಗಿಲ್ಲ, ನಾನು ಒಳ್ಳೆ ಟೀಚರೇ ಅನ್ನಿಸಿತು.

9-11-1998, ಸೋಮವಾರ

ಸಪ್ಲಿಮೆಂಟರಿ ರಿಸಲ್ಟ್. ನಿಟ್ಟೂರಿನಲ್ಲಿ ಒಬ್ಬ ಹುಡುಗನನ್ನು ಬಿಟ್ಟು ಎಲ್ಲರೂ ಪಾಸು. ತನುಶ್ರೀಗೆ ಗಣಿತದಲ್ಲಿ ಎಪ್ಪತ್ತರ ಮೇಲೆ. ಅವಳ ತಾಯಿ ನರಸಿಂಹಮ್ಮನ ಮನೆಗೇ ಬಂದು ನನ್ನ ಕೈಹಿಡಿದುಕೊಂಡು ಅತ್ತರು. ನಾನೂ ಅತ್ತೆ. ನರಸಿಂಹಮ್ಮ, “ಪಾಸಾದ್ರೂ ಅಳ್ತೀರಾ, ಫೇಲಾದ್ರೂ ಅಳ್ತೀರಾ, ಎದ್ದು ಕಾಫಿ ಕುಡೀರಿ ಅತ್ಲಾಗೆ” ಅಂದರು.

ತುಮಕೂರಿನ ಸದಾಶಿವನಗರದ ಆಫೀಸಿನಲ್ಲಿ ಕಾಂತೇಶ್ ಸರ್ ಹಿಗ್ಗೋ ಹಿಗ್ಗು. ಟ್ರಸ್ಟಿನ ಕಾರ್ಯದರ್ಶಿ, ಹಿಗ್ಗಬೇಕಾದ್ದೇ. “ಏನ್ ಮಾಡಿದ್ರಿ ಮಹಾಲಕ್ಷ್ಮಮ್ಮನೋರೇ, ಬೇರೆ ಟ್ಯೂಷನ್‌ನೋರು ಮಾಡ್ದೇ ಇರೋದು?”

“ಪಾಠ ಮಾಡ್ದೆ ಸರ್” ಅಂದೆ. ಬೇರೆ ಏನು ಹೇಳಲಿ. ಪಾಠವನ್ನೇ ಮಾಡಿದ್ದು.

18-2-1999

ಬೆಂಗಳೂರಿನಿಂದ ದೊಡ್ಡ ಸಂಸ್ಥೆಯವರು ಬಂದಿದ್ದರು. ಒಬ್ಬ ಮೇಡಮ್, ಜೊತೆಗೆ ಇಬ್ಬರು. ಕಾಂತೇಶ್ ಸರ್ ಪ್ರೊಜೆಕ್ಟರ್ ಬಾಡಿಗೆಗೆ ತಂದು ಗೋಡೆಯ ಮೇಲೆ ನಿಟ್ಟೂರನ್ನು ಬಿಟ್ಟರು. ಎರಡು ಹಾಳೆ ಉಲ್ಟಾ ಇಟ್ಟಿದ್ದರು. ಮೇಡಮ್ ಒಳ್ಳೆಯವರು, ಕನ್ನಡ ಬರುತ್ತದೆ. ಒಂದೇ ಪ್ರಶ್ನೆ ಕೇಳಿದರು — ನೀವಿಲ್ಲದ ಊರಿನಲ್ಲಿ ಇದು ನಡೆಯುತ್ತದೆಯೇ?

“ಯಾಕ್ ನಡಿಯಲ್ಲ” ಅಂದುಬಿಟ್ಟೆ. ಬಾಯಿ ಮುಂದು. ಮಾಡಿದ್ದನ್ನೆಲ್ಲ ಬರೆದುಕೊಟ್ಟರೆ ಯಾರು ಬೇಕಾದರೂ ಮಾಡಬಹುದು ಅಂದೆ. ಹಾಗಾದರೆ ಬರೆಯಿರಿ ಅಂದರು. ಮೂರು ವರ್ಷದ ಪ್ರಾಜೆಕ್ಟ್. ಗುಬ್ಬಿ, ಕುಣಿಗಲ್, ಅಂತರಸನಹಳ್ಳಿ... ಊರುಗಳ ಹೆಸರು ಕೇಳುತ್ತಿದ್ದರೆ ಮೈ ಬಿಸಿಯಾಗುತ್ತಿತ್ತು. ಫೇಲಾದ ಮಕ್ಕಳು ಎಲ್ಲಾ ಊರಿನಲ್ಲೂ ಇದ್ದಾರೆ. ಅವರಿಗೂ ಸಿಗಲಿ.

28-3-1999, ಭಾನುವಾರ

ಕೈಪಿಡಿ ಮುಗಿಯಿತು. ಬೆರಳು ಸೆಟೆದುಕೊಂಡಿದೆ. ಎಲ್ಲಾ ಹಾಕಿದ್ದೇನೆ. ಪಾಠದ ಕ್ರಮ, ಚಾರ್ಟು, ವಾರದ ಟೆಸ್ಟು, ಪೋಷಕರ ಸಭೆ, ಹಾಜರಿ. ಸಮಯ: ನಾಲ್ಕರಿಂದ ಆರು. ಚಾಪೆ ಎಷ್ಟು ಬೇಕು ಅಂತಲೂ ಬರೆದಿದ್ದೇನೆ. ಕಾಂತೇಶ್ ಸರ್ ‘ಆಸರೆ ಕೇಂದ್ರ’ ಅಂತ ಹೆಸರಿಟ್ಟರು. ಇವರು ಪುಟ ತಿರುಗಿಸಿ ನೋಡಿ, “ಇದ್ರಲ್ಲಿ ನೀನು ಮಕ್ಕಳ ಹತ್ರ ಅಣಕಿಸ್ಕೊಳೋದು ಒಂದೇ ಇಲ್ಲ” ಅಂದರು. ಅದನ್ನು ಬೇರೆ ಹಾಕಬೇಕಿತ್ತೇ.

21-6-1999

ಜೀಪು ಬಂತು. ಹಳೆಯದೇ, ಆದರೂ ಜೀಪು. ಇನ್ನು ಪಾಸೂ ಬೇಡ, ಕ್ರಾಸಿಂಗೂ ಬೇಡ. ಆರಕ್ಕೆ ಕ್ಲಾಸ್ ಮುಗಿಸಿ ಹೊರಗೆ ಬಂದರೆ ಗಾಡಿ ರೆಡಿ. ದಾರಿಯಲ್ಲಿ ಗುಬ್ಬಿ ಸೆಂಟರಿನ ಹಾಜರಿ ಪುಸ್ತಕ ತೆಗೆದುಕೊಂಡು ಕತ್ತಲಾಗುವುದರೊಳಗೆ ಮನೆ.

ನಿಟ್ಟೂರಿನ ಈ ವರ್ಷದ ಮಕ್ಕಳು ಚಪ್ಪಲಿ ಹಾಕಿಕೊಂಡು ನಿಂತಿದ್ದವು. “ಸ್ಟೇಷನ್‌ಗೆ ಬರಲ್ವಾ ಮಿಸ್?” ಹಳೆಯವರು ಹೇಳಿರಬೇಕು. “ಇನ್ನೇನ್ರೋ ಸ್ಟೇಷನ್ನು, ಮನೆಗೋಗಿ ಓದ್ಕೊಳಿ” ಅಂದೆ. ಜೀಪು ತಿರುಗುವಾಗ ನೋಡಿದೆ, ಇನ್ನೂ ಅಲ್ಲೇ ನಿಂತಿದ್ದವು. ಜೀಪು ನೋಡುವ ಆಸೆ ಇರಬೇಕು.

12-11-1999

ನಿಟ್ಟೂರಿನಲ್ಲಿ ಈ ಸಲ ಅರ್ಧಕ್ಕರ್ಧ ಫೇಲು. ಅದೇ ಕೋಣೆ, ಅದೇ ಟೀಚರು, ಅದೇ ಪಾಠ. ಕ್ರಿಕೆಟ್ಟು, ಕೇಬಲ್ಲು — ಈ ವರ್ಷದ ಮಕ್ಕಳೇ ಸರಿಯಿಲ್ಲ. ರಿಪೋರ್ಟಿನಲ್ಲಿ ಹಾಗೆ ಬರೆಯಲು ಆಗುವುದಿಲ್ಲ. ‘ಬಾಹ್ಯ ಕಾರಣಗಳು’ ಅಂತ ಬರೆದೆ.

ಮನಸ್ಸಿಗೆ ಸಮಾಧಾನ ಇಲ್ಲ.

2-8-2000

ಬಹಳ ದಿನ ಆಯಿತು ಬರೆದು. ಬರೀ ಓಡಾಟ. ಸೆಂಟರ್ ಮೇಲೆ ಸೆಂಟರ್. ಬೆಳಿಗ್ಗೆ ಅಂತರಸನಹಳ್ಳಿ, ಮಧ್ಯಾಹ್ನ ಟ್ರೇನಿಂಗ್, ಸಂಜೆ ಎಲ್ಲೋ. ಒಂದು ಮಗುವಿನ ಹೆಸರೂ ನೆನಪಿಲ್ಲ ಈ ವರ್ಷ. ಹಾಜರಿ ಮಾತ್ರ ಚೆನ್ನಾಗಿದೆ.

18-6-2001, ಸೋಮವಾರ

ಕುಣಿಗಲ್ ಕೊನೆಗೂ ಶುರು. ನಡೆಸುವವಳು ಯಾರು ಗೊತ್ತಾ — ತನುಶ್ರೀ. ಪಿಯುಸಿ ಮುಗಿಸಿದಳು, ಬಿಎ ಕರೆಸ್ಪಾಂಡೆನ್ಸ್ ಕಟ್ಟುತ್ತಾಳಂತೆ. ಇಂಟರ್‌ವ್ಯೂಗೆ ದೊಡ್ಡ ಡಯಲಿನ ವಾಚು ಕಟ್ಟಿಕೊಂಡು ಬಂದಿದ್ದಳು. ಇಬ್ಬರೂ ಅದನ್ನು ನೋಡಿ ನಕ್ಕೆವು. ಕಾಂತೇಶ್ ಸರ್‌ಗೆ ಅರ್ಥವಾಗಲಿಲ್ಲ. ಕೈಪಿಡಿ ಕೊಟ್ಟೆ. “ಇದೊಂದಿದ್ರೆ ಸಾಕು, ಹೆದರ್ಬೇಡ.” ತಲೆಯಾಡಿಸಿದಳು. ನನ್ನ ಕೂಸು ಇವಳು ಅನ್ನುವ ಹೆಮ್ಮೆ, ಸುಳ್ಳು ಯಾಕೆ ಹೇಳಲಿ.

14-7-2001

ಕುಣಿಗಲ್‌ಗೆ ಹೋಗಿದ್ದೆ. ಅಲ್ಲಿ ಮಾಹಿರಾ ಅಂತ ಒಂದು ಹುಡುಗಿ. ಅಕ್ಷರ ಮುತ್ತಿನ ಹಾಗೆ. ತಂದೆ ಅಜ್ಮತುಲ್ಲಾ ಸಾಬರು, ಬಜಾರಿನಲ್ಲಿ ಸ್ಟವ್ ರಿಪೇರಿ ಅಂಗಡಿ. ಮಗಳನ್ನು ದಿನಾ ಟಿವಿಎಸ್ಸಿನಲ್ಲಿ ತಾವೇ ತಂದು ಬಿಡುತ್ತಾರೆ. ಕೈಯೆಲ್ಲ ಮಸಿ, ನನಗೆ ನಮಸ್ಕಾರ ಮಾಡಲು ಕೈ ಒರೆಸಿಕೊಂಡರು.

“ಬರೀ ಎರಡು ಮಾರ್ಕಲ್ಲಿ ಹೋಯ್ತು ಮೇಡಮ್. ಈ ಸಲ ಆಗೋಗ್ತದೆ. ಟೀಚರ್ ಆಗ್ತಾಳೆ ನಮ್ ಮಾಹಿರಾ. ಇಡೀ ಬಜಾರ್‌ಗೆ ಹೇಳಿಟ್ಟಿದೀನಿ.”

ಹುಡುಗಿ ಅವರ ಹಿಂದೆ ನಿಂತು ನೆಲ ನೋಡುತ್ತಿದ್ದಳು. ಸಂಕೋಚದವಳು. ಟೆಸ್ಟ್ ಪೇಪರ್ ನೋಡಿದೆ, ಎಲ್ಲಾ ಸರಿ. ಇವಳು ಪಾಸಾಗುವುದರಲ್ಲಿ ಅನುಮಾನವೇ ಇಲ್ಲ.

24-8-2001, ಶುಕ್ರವಾರ

ಮಾನ ಹೋಯಿತು ಇವತ್ತು.

ಬೆಂಗಳೂರಿನ ಮೇಡಮ್ ಕುಣಿಗಲ್ ನೋಡಬೇಕು ಅಂದರು. ದಾರಿಯಲ್ಲಿ ಜೀಪು ಪಂಕ್ಚರ್. ತಲುಪುವಷ್ಟರಲ್ಲಿ ಆರು ದಾಟಿತ್ತು, ಸೆಂಟರಿಗೆ ಬೀಗ. ಸರಿ, ಹೋಗಲಿ ಅಂತ ಬಸ್ ಸ್ಟ್ಯಾಂಡ್ ಮೇಲೆ ವಾಪಸ್ ಬರುತ್ತಿದ್ದರೆ — ಅಲ್ಲಿ ಕಟ್ಟೆಯ ಮೇಲೆ ತನುಶ್ರೀ. ಸುತ್ತ ಹುಡುಗಿಯರು. ಪೊಟ್ಟಣದಲ್ಲಿ ಚುರುಮುರಿ, ಕಿಲಕಿಲ ನಗು. ಹಳ್ಳಿ ಕಡೆಯ ಬಸ್ಸು ಬಂತು, ನಿಂತಿತು, ಹೋಯಿತು. ಒಬ್ಬರೂ ಏಳಲಿಲ್ಲ. ಮಾಹಿರಾ ತನುಶ್ರೀಯ ವೇಲಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಏನೋ ಪಿಸುಗುಡುತ್ತಿದ್ದಳು. ಅವಳ ಮನೆ ಅಲ್ಲೇ ಬಸ್ ಸ್ಟ್ಯಾಂಡ್ ಹಿಂದೆ, ಅವಳಿಗೆ ಬಸ್ಸಿನ ಕೆಲಸವೇ ಇಲ್ಲ.

“ಇದೂ ಪ್ರೋಗ್ರಾಮಾ?” ಅಂತ ಮೇಡಮ್ ನಕ್ಕರು. ತಮಾಷೆಗೇ ಅಂದಿದ್ದು. ನನಗೆ ಮುಖ ಕೆಂಡವಾಯಿತು.

ತನುಶ್ರೀಯನ್ನು ಪಕ್ಕಕ್ಕೆ ಕರೆದೆ. “ಆರಕ್ಕೆ ಮುಗೀತು ಅಂದ್ರೆ ಮುಗೀತು. ಬೇರೆಯೋರ ಮನೆ ಹುಡುಗೀರ್ನ ಬಸ್ ಸ್ಟ್ಯಾಂಡಲ್ಲಿ ಕೂರಿಸ್ಕೊಂಡು ಹರಟೆ ಹೊಡಿತೀಯಲ್ಲ, ನಾಳೆ ಯಾರಾದ್ರೂ ಏನಾದ್ರೂ ಅಂದ್ರೆ? ಇದನ್ನೇನೇ ನಾನ್ ಕಲಿಸಿದ್ದು?”

“ಹಂಗಲ್ಲ ಮಿಸ್. ಮಾಹಿರಾ ಏನೋ ಹೇಳ್ಬೇಕು ಅಂತಿದ್ಲು...”

“ಹೇಳೋದಿದ್ರೆ ಕ್ಲಾಸಲ್ಲಿ ಹೇಳ್ಲಿ. ಅದಕ್ಕಲ್ವಾ ಕ್ಲಾಸು ಇರೋದು.”

ಮಾಹಿರಾ ಕೇಳಿಸಿಕೊಂಡಳು. ಎದ್ದು ಬಟ್ಟೆ ಕೊಡವಿ, ನನಗೆ ತಲೆಬಾಗಿಸಿ ಮನೆ ಕಡೆ ಹೋದಳು. ಉಳಿದವರು ಮುಂದಿನ ಬಸ್ಸಿಗೆ ಕಾಯುತ್ತಾ ದೂರ ದೂರ ನಿಂತರು. ಎಲ್ಲಾ ಸೆಂಟರಿಗೂ ಸರ್ಕ್ಯುಲರ್ ಕಳಿಸಿದೆ — ಆರು ಗಂಟೆಯ ಮೇಲೆ ಯಾರೂ ಮಕ್ಕಳ ಜೊತೆ ಇರಕೂಡದು, ಆ ಹೊತ್ತಿನಲ್ಲಿ ದಿನದ ವರದಿ ಬರೆಯತಕ್ಕದ್ದು.

28-9-2001

ಪರೀಕ್ಷೆ ಮುಗಿಯಿತು. ತನುಶ್ರೀ ರಾಜೀನಾಮೆ ಕಳಿಸಿದ್ದಾಳೆ. ಬಿಎ ಓದಬೇಕಂತೆ. ಅಷ್ಟೇ ಬರೆದಿದ್ದಾಳೆ, ಎರಡು ಸಾಲು. ಬೈದಿದ್ದಕ್ಕೆ ಮುನಿಸು. ಇರಲಿ, ನಾನೇ ಒಮ್ಮೆ ನಿಟ್ಟೂರಿಗೆ ಹೋಗಿ ಸಮಾಧಾನ ಮಾಡಿದರಾಯಿತು. ಕುಣಿಗಲ್ ಹಾಜರಿ ನೂರಕ್ಕೆ ನೂರು.

8-11-2001, ಗುರುವಾರ, ಬೆಳಿಗ್ಗೆ

ಆಫೀಸಿನ ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಅಜ್ಮತುಲ್ಲಾ ಸಾಬರು ಮತ್ತು ಅವರ ಹೆಂಡತಿ ಜಮಾಲುನ್ನೀಸಾ ಕೂತಿದ್ದರು. ಮಾಹಿರಾ ನಿನ್ನೆಯಿಂದ ಇಲ್ಲ.

ನಿನ್ನೆ ರಿಸಲ್ಟ್. ನೋಡಿಕೊಂಡು ಬರುತ್ತೇನೆ ಅಂತ ಹೋದವಳು. ಸಾಬರು ಸುಮ್ಮನಿರಲಾರದೆ ಅಂಗಡಿ ಮುಚ್ಚಿ, ಸ್ವೀಟ್ ಬಾಕ್ಸ್ ಹಿಡಿದುಕೊಂಡು ಸ್ಕೂಲಿಗೇ ಹೋದರಂತೆ. ಹೆಡ್‌ಮಾಸ್ಟರು, ನಿಮ್ಮ ಹುಡುಗಿ ಪರೀಕ್ಷೆಗೇ ಬಂದಿಲ್ಲವಲ್ಲ ಅಂದರಂತೆ. ಒಂದು ಪೇಪರಿಗೂ ಇಲ್ಲ.

ಸಾಬರು ನನ್ನ ಕಡೆ ನೋಡಲೇ ಇಲ್ಲ. “ಪರೀಕ್ಷೆಗೆ ದಿನಾ ನಾನೇ ಬಿಟ್ ಬರ್ತಿದ್ದೆ ಮೇಡಮ್. ಗೇಟಲ್ಲಿ ಇಳ್ದು ಒಳಗ್ ಹೋಗೋಳು. ನಾನ್ ನೋಡಿದೀನಿ.” ಇದನ್ನೇ ಮತ್ತೆ ಮತ್ತೆ.

ಜಮಾಲುನ್ನೀಸಾ ಅಳಲಿಲ್ಲ. ನೇರ ಕೇಳಿದರು. “ಮೂರು ತಿಂಗಳು ನಿಮ್ ಹತ್ರ ಬಂದ್ಲು. ಏನಾದ್ರೂ ಹೇಳಿರ್ಬೇಕು. ಏನ್ ಹೇಳಿದ್ಲು?”

ಫೈಲು ತೆಗೆದೆ. ಹಾಜರಿ ಇತ್ತು. ಟೆಸ್ಟ್ ಮಾರ್ಕ್ಸ್ ಇತ್ತು. ದಿನದ ವರದಿಯಲ್ಲಿ ‘ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು’ ಅಂತ ದಿನಾ ಬರೆದಿತ್ತು. ಅವರ ಮುಂದೆ ಪುಟ ತಿರುಗಿಸುತ್ತಾ ಕೂತೆ. ನಾಚಿಕೆಯಾಯಿತು. ನಿಲ್ಲಿಸಲೂ ಆಗಲಿಲ್ಲ, ನಿಲ್ಲಿಸಿದರೆ ಮಾತಾಡಬೇಕಲ್ಲ.

ಪೊಲೀಸ್ ಸ್ಟೇಷನ್ನಿಗೆ ಕಾಂತೇಶ್ ಸರ್ ಜೊತೆಗೆ ಹೋದರು.

10-11-2001

ನಿಟ್ಟೂರಿಗೆ ಹೋದೆ. ತನುಶ್ರೀ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ವಿಷಯ ಹೇಳಿದಾಗ ಸೋಪಿನ ಕೈಯಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು.

“ಆವತ್ತು ಬಸ್ ಸ್ಟ್ಯಾಂಡಲ್ಲಿ ಹೇಳಕ್ ಶುರು ಮಾಡಿದ್ಲು ಮಿಸ್. ಪರೀಕ್ಷೆ ವಿಷಯ ಒಂದಿದೆ ಅಕ್ಕ, ಅಬ್ಬಾಗೆ ಗೊತ್ತಿಲ್ಲ ಅಂದ್ಲು. ಅಷ್ಟರಲ್ಲಿ ನಿಮ್ ಜೀಪ್ ಬಂತು.”

“ಆಮೇಲೆ ಕೇಳ್ಬೇಕಿತ್ತು ನೀನು.”

“ಕೇಳ್ದೆ. ಕ್ಲಾಸಲ್ಲಿ ಕೇಳ್ದೆ. ಏನಿಲ್ಲಕ್ಕ ಅಂದ್ಲು. ಕ್ಲಾಸಲ್ಲಿ ಯಾರ್ ಹೇಳ್ತಾರೆ ಮಿಸ್? ನಾನ್ ಹೇಳಿದ್ನಾ?”

ಅವಳು ಒಗೆದಿಟ್ಟಿದ್ದ ಬಟ್ಟೆಯೊಂದನ್ನು ಎತ್ತಿ ಹಿಂಡತೊಡಗಿದೆ.

“ನೀವ್ ಮಾಡಿದ್ನೇ ನಾನ್ ಮಾಡಿದ್ದು. ನಿಮ್ ರೈಲು ಲೇಟಾಗ್ದಿದ್ರೆ ನಾನ್ ಇವತ್ತು ಯಾರ್ ಮನೇಲೋ ಕಸ ಗುಡಿಸ್ತಿದ್ದೆ. ಕುಣಿಗಲ್‌ನಲ್ಲಿ ರೈಲಿಲ್ವಲ್ಲ, ಅದಕ್ಕೆ ಬಸ್ ಸ್ಟ್ಯಾಂಡ್ ಹುಡುಕ್ಕೊಂಡೆ. ನಿಮ್ಗೆ ಗೊತ್ತಾಗುತ್ತೆ ಅನ್ಕೊಂಡಿದ್ದೆ.”

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನಾನೂ ಎರಡು ಮಾತು ಆಡಿ ಹಗುರವಾಗುತ್ತಿದ್ದೆ.

ಮನೆಗೆ ಬಂದು ಕೈಪಿಡಿ ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ಚಾಪೆಯ ಲೆಕ್ಕ ಇದೆ, ಸೀಮೆಸುಣ್ಣದ ಲೆಕ್ಕ ಇದೆ. ಪ್ಲಾಟ್‌ಫಾರ್ಮ್ ಎಲ್ಲೂ ಇಲ್ಲ. ನಡೆದದ್ದು ಯಾವುದೋ, ನಾನು ಊರೂರಿಗೆ ಹಂಚಿದ್ದು ಯಾವುದೋ. ಅದನ್ನು ತಾನಾಗಿಯೇ ಮಾಡುತ್ತಿದ್ದ ಒಬ್ಬಳನ್ನೂ ಬೈದು ನಿಲ್ಲಿಸಿದೆ. ಇವರು ಊಟಕ್ಕೆ ಕರೆದರು. ಹಸಿವಿಲ್ಲ ಅಂದೆ. ನಿಜವಾಗಿಯೂ ಹಸಿವಿರಲಿಲ್ಲ.

17-12-2001

ಸರ್ಕ್ಯುಲರ್ ವಾಪಸ್ ತೆಗೆಯಬೇಕು ಅಂತ ಕಾಂತೇಶ್ ಸರ್ ಜೊತೆ ಜಗಳ. ಪಾಠ ಆದ ಮೇಲೆ ಒಂದು ಗಂಟೆ ಸುಮ್ಮನೆ ಮಕ್ಕಳ ಜೊತೆ ಇರಬೇಕು, ಏನೂ ಮಾಡಬಾರದು ಅಂದೆ.

“ಏನೂ ಮಾಡ್ದೇ ಇರೋದಕ್ಕೆ ಯಾವ ಹೆಡ್ ಕೆಳಗೆ ಖರ್ಚು ತೋರಿಸ್ಲಿ ಮಹಾಲಕ್ಷ್ಮಮ್ಮನೋರೇ?”

ಅವರನ್ನು ಬೈದು ಏನು ಬಂತು. ಕೆಟ್ಟವರಲ್ಲ. ಮಾಹಿರಾಳನ್ನು ಹುಡುಕಿಕೊಂಡು ಮಾಗಡಿಯವರೆಗೂ ಬೈಕಿನಲ್ಲಿ ಹೋಗಿ ಬಂದರು. ಕೊನೆಗೆ ಒಪ್ಪಿದರು, ಆದರೆ ಒಂದು ಹೆಸರು ಬೇಕು ಅಂದರು. ‘ಮುಕ್ತ ಸಂವಾದ ಅವಧಿ.’ ಅದಕ್ಕೊಂದು ನಮೂನೆ, ಎಷ್ಟು ಮಕ್ಕಳು ಮಾತಾಡಿದರು, ಯಾವ ವಿಷಯ, ಸಹಿ.

22-1-2002

ಅಂತರಸನಹಳ್ಳಿ ಸೆಂಟರಿನಲ್ಲಿ ಮುಕ್ತ ಸಂವಾದ ನೋಡಿದೆ. ಟೀಚರು ಪೆನ್ನು ಹಿಡಿದು, “ಹ್ಞೂಂ, ಮುಕ್ತವಾಗಿ ಮಾತಾಡ್ರಪ್ಪಾ” ಅಂದಳು. ಮಕ್ಕಳು ಕೈಕಟ್ಟಿ ಕೂತಿದ್ದವು. ಒಬ್ಬ ಹುಡುಗ ಎದ್ದು ಸ್ವಚ್ಛತೆಯ ಮೇಲೆ ನಾಲ್ಕು ಸಾಲು ಒಪ್ಪಿಸಿದ. ಪ್ರಬಂಧದ ಪುಸ್ತಕದ್ದು.

ನಾನೇ ಹೋಗಿ ಮಧ್ಯೆ ಕೂತೆ. ಸುಮ್ಮನೆ ಕೂತೆ. ಅವು ಇನ್ನೂ ನೆಟ್ಟಗೆ ಕೂತವು. ನಗಬೇಕೋ ಅಳಬೇಕೋ.

5-3-2002

ಜಮಾಲುನ್ನೀಸಾ ಫೋನ್ ಮಾಡಿದ್ದರು. ಅಂಗಡಿ ಪಕ್ಕದ ಎಸ್‌ಟಿಡಿ ಬೂತಿಗೆ ಮಾಹಿರಾ ಫೋನ್ ಮಾಡಿದ್ದಳಂತೆ. “ಚೆನ್ನಾಗಿದೀನಿ ಅಮ್ಮಿ, ಕೆಲಸ ಮಾಡ್ತಿದೀನಿ, ಹುಡುಕ್ಬೇಡಿ.” ಇಟ್ಟುಬಿಟ್ಟಳು. ಎಲ್ಲಿಂದ ಅಂತ ತಿಳಿಯಲಿಲ್ಲ.

ಬದುಕಿದ್ದಾಳೆ. ಆಫೀಸಿನ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

30-4-2002

ಪ್ರಾಜೆಕ್ಟ್ ಮುಗಿಯಿತು. ಬೆಂಗಳೂರಿನಲ್ಲಿ ಕೊನೆಯ ಸಭೆ, ದೊಡ್ಡ ಹೋಟೆಲು. ಸಸ್ಟೇನಬಿಲಿಟಿ ಬಗ್ಗೆ ಹೇಳಿ ಅಂದರು, ಇನ್ನು ಮುಂದೆ ಈ ಕೇಂದ್ರಗಳು ತಮ್ಮ ಕಾಲ ಮೇಲೆ ಹೇಗೆ ನಿಲ್ಲುತ್ತವೆ ಅಂತ. ನಿಲ್ಲುವುದಿಲ್ಲ ಅಂದೆ. ನಿಲ್ಲುವಂಥದ್ದನ್ನು ನಾವು ಹಂಚಲೇ ಇಲ್ಲ ಅಂದೆ. ಕಾಂತೇಶ್ ಸರ್ ಮೇಜಿನ ಕೆಳಗೆ ಕಾಲು ತುಳಿದರು. ಬೆಂಗಳೂರಿನ ಮೇಡಮ್ ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಟೀ ಬ್ರೇಕ್ ಅಂದರು ಯಾರೋ.

ಟೀ ಹೊತ್ತಿನಲ್ಲಿ ಮೇಡಮ್ ಹತ್ತಿರ ಬಂದು, “ಇದನ್ನ ಮೊದಲೇ ಹೇಳಬಾರದಿತ್ತೇ” ಅಂದರು. ಗೊತ್ತಿದ್ದರೆ ಹೇಳುತ್ತಿದ್ದೆ ಅಂದೆ.

ಜೀಪು ವಾಪಸ್ ಹೋಯಿತು. ಬಾಗಿಲು ಹಾಕದೆ ಉಳಿದಿರುವುದು ನಿಟ್ಟೂರು ಒಂದೇ. ಸಂಬಳ ಇಲ್ಲದಿದ್ದರೂ ತನುಶ್ರೀ ವಾರಕ್ಕೆರಡು ದಿನ ನಡೆಸುತ್ತಾಳಂತೆ. ನನ್ನನ್ನು ಕೇಳಲಿಲ್ಲ. ಕೇಳಬೇಕಾದ್ದೂ ಇಲ್ಲ.

14-6-2002, ಶುಕ್ರವಾರ

ಮಾಹಿರಾ ಸಿಕ್ಕಳು. ಇಷ್ಟು ದಿನ ಇಲ್ಲೇ, ಊರಂಚಿನ ಅಂತರಸನಹಳ್ಳಿಯಲ್ಲಿ. ಪ್ಯಾಕಿಂಗ್ ಯೂನಿಟ್ ಒಂದರಲ್ಲಿ ಕೆಲಸ, ಮಧುಗಿರಿ ಕಡೆಯ ಹೆಂಗಸರ ಜೊತೆ ಒಂದು ರೂಮಿನಲ್ಲಿ ವಾಸ. ಅಲ್ಲಿ ಕೆಲಸ ಮಾಡುವ ಕುಣಿಗಲ್ಲಿನವರೊಬ್ಬರು ನೋಡಿ ಸಾಬರಿಗೆ ಹೇಳಿದ್ದಾರೆ. ಜಮಾಲುನ್ನೀಸಾ ನಿನ್ನೆ ಫೋನಿನಲ್ಲಿ, “ನಾವ್ ಹೋದ್ರೆ ಅಲ್ಲಿಂದ್ಲೂ ಎದ್ದೋಗ್ತಾಳೆ ಮೇಡಮ್. ನೀವೇ ಹೋಗಿ. ಬಯ್ಬೇಡಿ, ಕರ್ಕೊಂಡ್ ಬನ್ನಿ ಸಾಕು” ಅಂದರು. ನನ್ನನ್ನು ನಂಬಿ ಕಳಿಸುತ್ತಿದ್ದಾರೆ, ಎಲ್ಲರನ್ನೂ ಬಿಟ್ಟು ನನ್ನನ್ನು.

ಸಿಟಿ ಬಸ್ಸಿನಲ್ಲಿ ಹೋದೆ. ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಎದುರು ಟೀ ಅಂಗಡಿ ಬೆಂಚಿನ ಮೇಲೆ ಕೂತೆ. ಬಂದಳು. ನೀಲಿ ಕೋಟು, ತಲೆಗೆ ದುಪ್ಪಟ್ಟಾ. ಸೊರಗಿದ್ದಾಳೆ, ಆದರೆ ನೆಲ ನೋಡುತ್ತಾ ನಡೆಯುವುದಿಲ್ಲ ಈಗ. ನನ್ನನ್ನು ನೋಡಿ ಓಡಲಿಲ್ಲ. ಬಂದು ಪಕ್ಕದಲ್ಲಿ ಕೂತಳು. “ಟೀ ಕುಡೀತೀರಾ ಮಿಸ್?” ಅಂತ ತಾನೇ ಎರಡು ಹೇಳಿದಳು.

ನಾನೇನೂ ಕೇಳಲಿಲ್ಲ. ಅವಳೇ ಹೇಳಿದಳು, ಬೇರೆ ಯಾರದೋ ವಿಷಯ ಹೇಳುವ ಹಾಗೆ.

“ಮೊದಲ್ನೇ ಸಲ ಬರಿಯೋಕ್ ಕೂತಾಗ ಕೈ ನಡುಗೋಕ್ ಶುರು ಆಯ್ತು. ಪೆನ್ ಹಿಡಿಯಕ್ಕೇ ಆಗ್ಲಿಲ್ಲ. ಎಲ್ಲಾ ಬರ್ತಿತ್ತು ಮಿಸ್, ಒಂದಕ್ಷರ ಬರಿಲಿಲ್ಲ. ಬೆಲ್ ಹೊಡಿಯೋ ತನಕ ಕೂತಿದ್ದೆ. ಎಲ್ಲಾ ಪೇಪರ್‌ಗೂ ಹಂಗೇ. ಮನೇಲಿ ಎರಡು ಮಾರ್ಕಲ್ಲಿ ಹೋಯ್ತು ಅಂದೆ. ಎರಡ್ನೇ ಸಲ ಕೂರೋ ಧೈರ್ಯನೇ ಇರ್ಲಿಲ್ಲ. ಅಬ್ಬಾ ಗೇಟಲ್ಲಿ ಬಿಟ್ಟೋದ್ಮೇಲೆ ಹಿಂದಿನ್ ಗೇಟಿಂದ ಆಚೆ ಬಂದು ಕೆರೆ ಏರಿ ಮೇಲೆ ಕೂತ್ಕೊತಿದ್ದೆ.”

“ತನು ಅಕ್ಕಂಗೆ ಹೇಳೋಣ ಅಂತಿದ್ದಿದ್ದು ಇದ್ನೇ” ಅಂದಳು.

ಕೈ ನಡುಗುವುದು. ಇಷ್ಟೇ. ಪಕ್ಕದಲ್ಲಿ ಯಾರಾದರೂ ಕೂತು, ಖಾಲಿ ಹಾಲಿನಲ್ಲಿ ನಾಲ್ಕು ಸಲ ಬರೆಸಿದ್ದರೆ ಹೋಗಿಬಿಡುತ್ತಿತ್ತು. ತನುಶ್ರೀಗೆ ಗೊತ್ತಾಗಿದ್ದರೆ ಮಾಡಿಯೇ ಮಾಡುತ್ತಿದ್ದಳು.

“ಈಗ್ಲೂ ಬರೀಬಹುದು ಕಣಮ್ಮ. ನಾನೇ ಜೊತೆಗೆ ಬರ್ತೀನಿ. ತಪ್ಪು ನಂದು, ಆವತ್ತು ನಾನು...”

“ನಿಮ್ಮೇಲೆ ಬೇಜಾರಿಲ್ಲ ಮಿಸ್.” ಲೋಟ ಕೆಳಗಿಟ್ಟಳು. “ಆವಾಗ ಹೇಳಿದ್ರೆ ಏನಾದ್ರೂ ಆಗ್ತಿತ್ತು. ಈಗ ಬರೀ ಸುದ್ದಿ.”

ಮನೆಗೆ ಬರುವುದಿಲ್ಲವಂತೆ. ಇಡೀ ಬಜಾರಿನಲ್ಲಿ ಅಬ್ಬಾ ಟೀಚರ್ ಟೀಚರ್ ಅಂತ ಹೇಳಿದ್ದಾರೆ, ಯಾವ ಮುಖ ಇಟ್ಟುಕೊಂಡು ಅವರ ಅಂಗಡಿ ಮುಂದೆ ಹಾಯಲಿ ಅಂದಳು. ಎಷ್ಟು ಹೇಳಿದರೂ ಅದೇ. ರೂಮಿನ ಹೆಂಗಸರು ಕೂಗಿದರು. ಎದ್ದು ನಿಂತು, ಒಂದೇ ಒಂದು ಕೇಳಿಕೊಂಡಳು.

“ಅಬ್ಬಾಗೆ ಇದನ್ ಹೇಳ್ಬೇಡಿ. ಗೇಟ್ ತನಕ ಬಿಟ್ಟು, ಒಳಗೋದ್ಲು ಅಂತ ಖುಷೀಲಿ ಹೋಗ್ತಿದ್ರು. ನಾನ್ ಏರಿ ಮೇಲೆ ಕೂತಿರ್ತಿದ್ದೆ ಅಂತ ಗೊತ್ತಾದ್ರೆ ತಡ್ಕೊಳಲ್ಲ ಅವ್ರು.”

ಆಯಿತು ಅಂದೆ.

15-6-2002, ಶನಿವಾರ, ಬೆಳಿಗ್ಗೆ

ಸಾಬರು ಬಂದಿದ್ದಾರೆ. ಕುಣಿಗಲ್ಲಿನಿಂದ ಟಿವಿಎಸ್ಸಿನಲ್ಲೇ. ಅಂಗಡಿ ತೆಗೆದಿಲ್ಲವಂತೆ ಇವತ್ತು. ಒಳಗೆ ಬನ್ನಿ ಅಂದರೂ ಬಾರದೆ ಜಗಲಿ ಮೇಲೆ ಕೂತರು. ಚೆನ್ನಾಗಿದ್ದಾಳೆ ಅಂದೆ. ಟೀ ಕೊಡಿಸಿದಳು ಅಂದೆ. ಅದಕ್ಕೆ ಸ್ವಲ್ಪ ನಕ್ಕರು, ದುಡಿಯುತ್ತಿದ್ದಾಳೆ ಅಂತ.

“ನನ್ ಮೇಲೆ ಕೋಪಾನಾ ಮೇಡಮ್?”

“ಇಲ್ಲ ಸಾಬ್ರೇ.”

“ಮತ್ಯಾಕ್ ಬರಲ್ಲ? ನಾನೇನ್ ಹೊಡ್ದವನಲ್ಲ, ಬಯ್ದವನಲ್ಲ. ಗೇಟಿಂದ ಒಳಗೋದ್ಮೇಲೆ ಏನಾಯ್ತು ಅಂತ ಒಂದ್ ಮಾತು ಗೊತ್ತಾದ್ರೆ ಸಾಕು ನಂಗೆ. ಏಳು ತಿಂಗ್ಳಿಂದ ನಿದ್ದೆ ಇಲ್ಲ. ಯಾರಾದ್ರೂ ಏನಾದ್ರೂ ಮಾಡಿದ್ರಾ ಅಂತ... ತಂದೆ ಅಲ್ವಾ, ಏನೇನೋ ಬರ್ತದೆ ತಲೇಲಿ.”

ಕಾಫಿ ತರುತ್ತೇನೆ ಅಂತ ಎದ್ದು ಒಳಗೆ ಬಂದೆ. ಹಾಲು ಒಲೆ ಮೇಲಿಟ್ಟು ಇದನ್ನು ಬರೆಯುತ್ತಿದ್ದೇನೆ, ಅಡುಗೆಮನೆ ಕಟ್ಟೆಯ ಮೇಲೆ. ಹೇಳಬೇಡಿ ಅಂದಳು, ಆಯಿತು ಅಂದಿದ್ದೇನೆ. ಅವಳು ನನ್ನ ಹತ್ತಿರ ಬಾಯಿ ಬಿಟ್ಟದ್ದು ಅದೊಂದೇ ಸಲ. ಆದರೆ ಈ ಮನುಷ್ಯ ಏನೇನೋ ಕಲ್ಪಿಸಿಕೊಂಡು ಸಾಯುತ್ತಿದ್ದಾನೆ. ಹೇಳಿದರೆ ಅವಳು ಇನ್ನು ಯಾರಿಗೂ ಏನೂ ಹೇಳಲಾರಳು. ಹೇಳದಿದ್ದರೆ...

ಕಿಟಕಿಯಿಂದ ಕಾಣುತ್ತಾರೆ. ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡಿದ್ದಾರೆ. ಅವಸರ ಏನಿಲ್ಲ ಮೇಡಮ್, ನಿಧಾನಕ್ಕೆ ಬನ್ನಿ ಅಂತಿದ್ದಾರೆ.

ಹಾಲು ಉಕ್ಕಿತು. ಹೋಗಿ ಮೊದಲು ಅವರ ಪಕ್ಕ ಕೂರುತ್ತೇನೆ. ಹೇಳುವುದೋ ಬಿಡುವುದೋ, ಆಮೇಲೆ.